ಗಂಡು ಬೆಕ್ಕಿನ ಬಸುರು

"ಈಗೆಷ್ಟು ತಿಂಗಳು?" ಎಂದು ನೆಂಟರೊಬ್ಬರು ನಮ್ಮ ಬೆಕ್ಕಿನ ಹೊಟ್ಟೆ ನೋಡಿ ಅಕ್ಕರೆಯಿಂದ ಕೇಳಿದರು. ನಮ್ಮದು ಗಂಡು ಬೆಕ್ಕು. ಅದು ಬೇಸರಿಸಿಕೊಂಡಂತೆ ಕಾಣಲಿಲ್ಲ. ಉರಿ ಹತ್ತಿದ್ದು ನನಗೆ. ಹಿಂಗಾಲುಗಳ ಮುಂದೆ ಜೋತಾಡುವುದು ಸಡಿಲ ಚರ್ಮ, ಬಡಕಲು ಬೆಕ್ಕುಗಳಿಗೂ ಇರುತ್ತದೆ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಮರಿಯೊಂದನ್ನು ತಮಗೇ ಕೊಡಬೇಕೆಂದು ಕೇಳಿಯೂ ಆಗಿತ್ತು.

ಬೆಕ್ಕಿನ ಮೈಯನ್ನು ಕಣ್ಣಳತೆಯಲ್ಲಿ ಅಳೆಯಬಾರದು, ಬೆರಳಿನಿಂದ ಅಳೆಯಬೇಕು. ಪಕ್ಕೆಯ ಮೇಲೆ ಕೈಯಾಡಿಸಿದಾಗ ಎಲುಬು ನಮ್ಮ ಚಾಚಿದ ಅಂಗೈಯ ಹಿಂಬದಿಯ ಮೂಳೆಗಳಷ್ಟು ತಾಗಿದರೆ ಸರಿ. ಮುಷ್ಟಿಯ ಗೆಣ್ಣುಗಳಂತೆ ಎದ್ದಿದ್ದರೆ ಸೊರಗಿದೆ. ಅಂಗೈಯಷ್ಟು ಮೆತ್ತಗಿದ್ದರೆ ಮಾತು ಬದಲಿಸುವುದು ಮೇಲು. ಪಶುವೈದ್ಯರು ಇದಕ್ಕೆ 1ರಿಂದ 9ರವರೆಗೆ ಅಂಕ ಕೊಡುತ್ತಾರೆ. 5 ಬಂದರೆ ಉತ್ತಮ. 9 ಬಂದರೆ ಬೆಕ್ಕಿಗಲ್ಲ, ಮನೆಯವರಿಗೆ ಬೈಗುಳ.

ಎಷ್ಟು ತಿನ್ನಿಸಬೇಕು ಎಂಬುದಕ್ಕೆ ಸೂತ್ರವೇ ಇದೆ. ಸುಮ್ಮನೆ ಬಿದ್ದುಕೊಂಡಿರುವ ಬೆಕ್ಕಿಗೆ (ನಮ್ಮದು ಬೇರೆ ಸ್ಥಿತಿಯಲ್ಲಿ ಸಿಕ್ಕುವುದು ಅಪರೂಪ) ದಿನಕ್ಕೆ ಬೇಕಾದ ಕಿಲೋಕ್ಯಾಲರಿ ಎಂದರೆ, ಕಿಲೋ ಲೆಕ್ಕದ ತೂಕದ ಮುಕ್ಕಾಲು ಘಾತದ ಎಪ್ಪತ್ತು ಪಟ್ಟು. ಮುಕ್ಕಾಲು ಘಾತ! ಶಾಲೆ ಬಿಟ್ಟ ಮೇಲೆ ಇಂಥದ್ದು ಬೆಕ್ಕಿನ ಮೂಲಕ ವಾಪಸು ಬರುತ್ತದೆಂದು ಯಾರೂ ಎಚ್ಚರಿಸಿರಲಿಲ್ಲ. ಸಾಮಾನ್ಯ ಕ್ಯಾಲ್ಕುಲೇಟರಿನಲ್ಲಿ ಆ ಗುಂಡಿ ಇರುವುದಿಲ್ಲ. ಆದರೆ ಉಪಾಯವಿದೆ: ತೂಕವನ್ನು ಅದರಿಂದಲೇ ಎರಡು ಸಲ ಗುಣಿಸಿ, ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಬೇಕು. 4 ಕಿಲೋ ಬೆಕ್ಕಿಗೆ ಮೊದಲು 64, ಆಮೇಲೆ 8, ಆಮೇಲೆ 2.83. ಎಪ್ಪತ್ತರಿಂದ ಗುಣಿಸಿದರೆ 198. ಸಂತಾನಹರಣ ಚಿಕಿತ್ಸೆಯಾಗಿದ್ದರೆ ಅದರ 1.2 ಪಟ್ಟು, ಅಂದರೆ 238. ಒಣ ಆಹಾರದ ಪೊಟ್ಟಣದ ಮೇಲೆ 100 ಗ್ರಾಮಿಗೆ 380 ಎಂದು ಬರೆದಿದ್ದರೆ 62 ಗ್ರಾಂ ಚಿಲ್ಲರೆ. ತೂಕ ಇಳಿಸಬೇಕಾದ ಬೆಕ್ಕಿಗೆ 1.2ರ ಬದಲು 0.8, ಅದೂ ಈಗಿರುವ ತೂಕಕ್ಕಲ್ಲ, ಇರಬೇಕಾದ ತೂಕಕ್ಕೆ. ಇರಬೇಕಾದ ತೂಕ ಎಷ್ಟು? ಅದು ಗೊತ್ತಿದ್ದರೆ ನಾನೇಕೆ ಗುಂಡಿ ಒತ್ತುತ್ತಾ ಕೂರುತ್ತಿದ್ದೆ?

ಇಷ್ಟಾದರೂ ಲೆಕ್ಕ ನಿಲ್ಲುವುದು ಮನೆಯಲ್ಲಿ ಒಬ್ಬರೇ ಬಡಿಸುವವರಿದ್ದರೆ ಮಾತ್ರ. ನಾನು ಗ್ರಾಂ ಲೆಕ್ಕದಲ್ಲಿ ತೂಗಿ ಹಾಕಿ ಆಚೆ ಹೋದರೆ, ಬೆಕ್ಕು ಮೂತಿ ಒರೆಸಿಕೊಂಡು ಮುಂದಿನ ಕೋಣೆಗೆ ಹೋಗಿ ಹುಟ್ಟಿನಿಂದ ಅನ್ನ ಕಾಣದ ದನಿಯಲ್ಲಿ ಕೂಗುತ್ತದೆ. "ಪಾಪ, ಯಾರೂ ಹಾಕಿಯೇ ಇಲ್ಲ" ಎಂದು ಅಲ್ಲೊಂದು ಹಿಡಿ, ಮತ್ತೊಬ್ಬರಿಂದ ಇನ್ನೊಂದು ಹಿಡಿ. ಯಾರು ಹಾಕಿದ್ದೆಂದು ವಿಚಾರಿಸಿದರೆ ಮನೆಯಿಡೀ ಮೌನವ್ರತ. ಪ್ರಾಣಿದಯೆ ಎಂದರೆ ನನಗೆ ಈಗೀಗ ಸಿಟ್ಟು ಬರುತ್ತದೆ.

ಹಾಗೆಂದು ತಟ್ಟೆಯನ್ನೇ ಎತ್ತಿಡುವಂತಿಲ್ಲ. ದಪ್ಪ ಬೆಕ್ಕು ಕೆಲವು ದಿನ ಉಪವಾಸ ಬಿದ್ದರೆ ಕೊಬ್ಬು ಯಕೃತ್ತಿನಲ್ಲಿ ತುಂಬಿ ಪ್ರಾಣಕ್ಕೇ ಸಂಚಕಾರ. ವಾರಕ್ಕೆ ಮೈತೂಕದ ನೂರರಲ್ಲಿ ಒಂದು ಪಾಲು ಇಳಿದರೂ ಒಳ್ಳೆಯದೇ. 6 ಕಿಲೋ ಬೆಕ್ಕಿಗೆ ಅದು 60 ಗ್ರಾಂ. ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನನ್ನ ತೂಕ ಕಳೆದು ನೋಡಿದರೆ ಆ 60 ಗ್ರಾಂ ಎಲ್ಲೂ ಕಾಣುವುದಿಲ್ಲ. ಕಾಣುವುದು ಕಳೆಯಲು ಹಿಡಿದ ನನ್ನ ತೂಕದ ಅಂಕಿಯೊಂದೇ. ಅದಕ್ಕೆ ಯಾರೂ ಮುಕ್ಕಾಲು ಘಾತ ಹಚ್ಚಬೇಕಾಗಿಲ್ಲ.