ಜರ್ಮನಿ ಅಣು ಸ್ಥಾವರಗಳಿಗೆ ಬೀಗ ಹಾಕಿದ್ದು ಸರಿಯಾ?

2023ರ ಏಪ್ರಿಲ್ 15ರಂದು ಜರ್ಮನಿ ತನ್ನ ಕೊನೆಯ ಮೂರು ಅಣು ವಿದ್ಯುತ್ ಸ್ಥಾವರಗಳನ್ನು ನಿಲ್ಲಿಸಿತು. ಆ ಹೊತ್ತಿಗೆ ಯುಕ್ರೇನ್‌ನಲ್ಲಿ ಯುದ್ಧ ನಡೆದಿತ್ತು, ರಷ್ಯಾದ ಪೈಪಿನಲ್ಲಿ ಗ್ಯಾಸ್ ನಿಂತಿತ್ತು.

ಪರ: ಮುಚ್ಚಿದ್ದೇ ಸರಿ

ಲೋವರ್ ಸ್ಯಾಕ್ಸನಿಯಲ್ಲಿ ಆಸ್ಸೆ ಎಂಬ ಹಳೇ ಉಪ್ಪಿನ ಗಣಿ ಇದೆ. 1967ರಿಂದ 1978ರವರೆಗೆ ಸುಮಾರು 1,26,000 ಡ್ರಮ್ ವಿಕಿರಣ ಕಸವನ್ನು ಅದರೊಳಗೆ ಇಳಿಸಿದರು. ಉಪ್ಪಿನ ಪದರ ಗಟ್ಟಿ, ನೀರು ನುಗ್ಗುವುದಿಲ್ಲ ಅನ್ನೋ ನಂಬಿಕೆ. ನೀರು ನುಗ್ಗಿತು. ವರ್ಷಗಳಿಂದ ದಿನಕ್ಕೆ ಸುಮಾರು 12,000 ಲೀಟರ್ ಉಪ್ಪುನೀರು ಒಳಗೆ ಸೋರುತ್ತಿದೆ. ಅದನ್ನು ಹಿಡಿದು ಮೇಲಕ್ಕೆ ಪಂಪ್ ಮಾಡುವುದೇ ಅಲ್ಲಿನವರ ನಿತ್ಯದ ಕೆಲಸ. ಡ್ರಮ್‌ಗಳನ್ನು ಹೊರಗೆ ತೆಗೆಯಬೇಕೆಂದು 2013ರಲ್ಲೇ ಕಾನೂನಾಗಿದೆ, ತೆಗೆಯುವುದು ಮಾತ್ರ ಆಗಿಲ್ಲ. ಇದಕ್ಕಿಂತ ಎಷ್ಟೋ ಪಾಲು ಅಪಾಯದ ಕಸಕ್ಕೆ ಕಾಯಂ ಜಾಗವನ್ನು ಇನ್ನೂ ಹುಡುಕುತ್ತಲೇ ಇದ್ದಾರೆ. ಬಚ್ಚಲು ಕಟ್ಟದೆ ಮಹಡಿ ಮೇಲೆ ಮಹಡಿ ಏರಿಸಿದ ಹಾಗಾಯಿತು, ಅಲ್ವಾ?

ಇನ್ನು ಗ್ಯಾಸ್ ಮಾತು. ರಷ್ಯಾದ ಗ್ಯಾಸ್ ನಿಂತಾಗ ಜೋರಾಗಿ ಪೆಟ್ಟು ಬಿದ್ದಿದ್ದು ಮನೆ ಬೆಚ್ಚಗಿಡುವ ಬಾಯ್ಲರ್‌ಗಳಿಗೆ, ಕಾರ್ಖಾನೆಗಳಿಗೆ. ಲುಡ್ವಿಗ್ಸ್‌ಹಾಫೆನ್‌ನ ರಾಸಾಯನಿಕ ಕಂಪನಿ ಬಿಎಎಸ್‌ಎಫ್‌ಗೆ ಗ್ಯಾಸ್ ಬರೀ ಇಂಧನ ಅಲ್ಲ, ಅಮೋನಿಯಾ ತಯಾರಿಸುವ ಕಚ್ಚಾಮಾಲು. ಅಣು ಸ್ಥಾವರ ಅದನ್ನು ಎಲ್ಲಿಂದ ತಂದುಕೊಡುತ್ತದೆ? ಕೊನೆಯ ಮೂರೂ ಸೇರಿ ಕೊಡುತ್ತಿದ್ದದ್ದು ದೇಶದ ವಿದ್ಯುತ್ತಿನಲ್ಲಿ ಶೇ. 6ರಷ್ಟು ಮಾತ್ರ.

ಅಣು ಇದ್ದರೆ ಭದ್ರ ಅನ್ನೋರು 2022ರ ಫ್ರಾನ್ಸ್ ನೋಡಲಿ. ಪೈಪುಗಳಲ್ಲಿ ಬಿರುಕು, ರಿಪೇರಿ ಅಂತ ಒಂದು ಹಂತದಲ್ಲಿ ಅರ್ಧಕ್ಕರ್ಧ ಸ್ಥಾವರಗಳು ನಿಂತವು. ಆಗ ಅವರಿಗೆ ಕರೆಂಟ್ ಕೊಟ್ಟವರಲ್ಲಿ ಜರ್ಮನಿಯೂ ಒಂದು! ಯುಕ್ರೇನ್‌ನ ಝಪೊರಿಝಿಯಾ ಅಣು ಸ್ಥಾವರದೊಳಗೆ ರಷ್ಯಾದ ಸೈನಿಕರು ಕೂತಿದ್ದಂತೂ ಎಲ್ಲರಿಗೂ ಗೊತ್ತು.

ವಿರೋಧ: ಸರದಿ ತಪ್ಪಿತು

ಕಸದ ಮಾತು ನಿಜ. ಆದರೆ ಬೀಗ ಹಾಕಿದ್ದರಿಂದ ಆಸ್ಸೆಯಲ್ಲಿ ಒಂದು ಡ್ರಮ್ಮೂ ಕಮ್ಮಿ ಆಗಲಿಲ್ಲ.

ಲೆಕ್ಕವನ್ನು ಶೇ. 6ರಿಂದ ಶುರು ಮಾಡುವುದು ಜಾಣತನ. 2011ರ ಶುರುವಿನಲ್ಲಿ 17 ಸ್ಥಾವರಗಳಿದ್ದವು, ದೇಶದ ವಿದ್ಯುತ್ತಿನಲ್ಲಿ ಐದನೇ ಒಂದು ಪಾಲಿಗಿಂತ ಜಾಸ್ತಿ ಅವುಗಳದ್ದೇ. ಆಗಿನ ಚಾನ್ಸಲರ್ ಮರ್ಕೆಲ್ ಸ್ವತಃ ಭೌತವಿಜ್ಞಾನ ಓದಿದವರು, ಹಿಂದಿನ ವರ್ಷವಷ್ಟೇ ಇವುಗಳ ಆಯಸ್ಸು ಹೆಚ್ಚಿಸಿದ್ದರು. ಜಪಾನಿನಲ್ಲಿ ಫುಕುಶಿಮಾ ಅಣು ದುರಂತ ಆಯಿತು, ಎಂಟಕ್ಕೆ ಅದೇ ವರ್ಷ ಬೀಗ ಬಿತ್ತು. ಅದೇ 2011ರಲ್ಲಿ ಬಾಲ್ಟಿಕ್ ಸಮುದ್ರದಡಿಯ ನಾರ್ಡ್ ಸ್ಟ್ರೀಮ್ ಪೈಪಿನಲ್ಲಿ ರಷ್ಯಾದ ಗ್ಯಾಸ್ ಹರಿಯತೊಡಗಿತು. ಮನೆ ಬಾವಿ ಮುಚ್ಚಿ, ಜಗಳಗಂಟ ನೆರೆಯವನ ನಲ್ಲಿಗೆ ಪೈಪು ಜೋಡಿಸಿಕೊಂಡರು. ಯುದ್ಧಕ್ಕೆ ಮುಂಚೆ ಆಮದಾಗುತ್ತಿದ್ದ ಗ್ಯಾಸಿನಲ್ಲಿ ಅರ್ಧಕ್ಕೂ ಹೆಚ್ಚು ರಷ್ಯಾದ್ದೇ.

ಮೊದಲು ಮುಚ್ಚಬೇಕಿದ್ದದ್ದು ಕಲ್ಲಿದ್ದಲು. ಗಾರ್ಜ್‌ವೈಲರ್ ಗಣಿಯ ಅಂಚಿನಲ್ಲಿ ಏನಾಯಿತು ನೋಡಿ. 2023ರ ಜನವರಿ, ಕೊನೆಯ ಸ್ಥಾವರಗಳು ನಿಲ್ಲಲು ಇನ್ನು ಮೂರೇ ತಿಂಗಳು. ಲ್ಯುಟ್ಸೆರಾತ್ ಎಂಬ ಹಳ್ಳಿಯ ಕೆಳಗಿನ ಕಲ್ಲಿದ್ದಲಿಗಾಗಿ, ಅಲ್ಲಿ ಬೀಡುಬಿಟ್ಟಿದ್ದ ಪ್ರತಿಭಟನಾಕಾರರನ್ನು ಪೊಲೀಸರು ಕೆಸರಿನಿಂದ ಎತ್ತಿ ಸಾಗಿಸಿದರು. ಗಣಿಗೆ ಅಡ್ಡ ಬರುತ್ತವೆ ಅಂತ ಹತ್ತಿರದ ಗಾಳಿಯಂತ್ರಗಳನ್ನೂ ಬಿಚ್ಚಿದರು. ಹಸಿರು ಪಕ್ಷ ಸರ್ಕಾರದಲ್ಲಿದ್ದಾಗಲೇ!

ಆ ವರ್ಷ ಕಲ್ಲಿದ್ದಲಿನ ವಿದ್ಯುತ್ ಇಳಿಯಿತಲ್ಲ ಅಂತ ಕೇಳಬಹುದು. ಇಳಿಯಿತು. ಗಾಳಿ-ಬಿಸಿಲಿನ ವಿದ್ಯುತ್ ಹೆಚ್ಚಿದ್ದು ಒಂದು ಕಾರಣ. ಆದರೆ ಕಾರ್ಖಾನೆಗಳು ಕರೆಂಟ್ ಕಮ್ಮಿ ಬಳಸಿದ್ದೂ, ರಫ್ತು ಮಾಡುತ್ತಿದ್ದ ದೇಶ ಹೊರಗಿನಿಂದ ಕೊಳ್ಳತೊಡಗಿದ್ದೂ ನಿಜ. 2023, 2024 ಎರಡೂ ವರ್ಷ ಆರ್ಥಿಕತೆ ಕುಗ್ಗಿತು. ಅದೆಲ್ಲ ಅಣು ಮುಚ್ಚಿದ್ದರಿಂದ ಅಂದರೆ ಸುಮ್ನೆ ಸುಳ್ಳು. ಚೀನಾದ ಕಾರುಗಳ ಪೈಪೋಟಿಯೂ ಇದೆ. ಆದರೆ 2024ರ ಡಿಸೆಂಬರ್ 12ರಂದು ಗಾಳಿಯೂ ಇಲ್ಲ, ಬಿಸಿಲೂ ಇಲ್ಲ. ಸಂಜೆ ಸಗಟು ಪೇಟೆಯಲ್ಲಿ ಒಂದು ಮೆಗಾವಾಟ್ ಗಂಟೆ ವಿದ್ಯುತ್ತಿಗೆ 936 ಯೂರೋ ಮುಟ್ಟಿತು. ಅಂಥ ಸಂಜೆಗೆ ಬೇಕಿದ್ದದ್ದು ಹವಾಮಾನ ಕೇಳದೆ ಓಡುವ ಸ್ಥಾವರ.

ಉತ್ತರದ ಗಾಳಿ ವಿದ್ಯುತ್ತನ್ನು ದಕ್ಷಿಣದ ಕಾರ್ಖಾನೆಗಳಿಗೆ ತರುವ ಸ್ಯೂಡ್‌ಲಿಂಕ್ ಲೈನ್ 2022ಕ್ಕೆ ಮುಗಿಯಬೇಕಿತ್ತು. 2025ರ ಅಕ್ಟೋಬರ್‌ನಲ್ಲಿ ದಕ್ಷಿಣದ ಬವೇರಿಯಾದಲ್ಲಿ, ಬೀಗ ಬಿದ್ದ ಗುಂಡ್ರೆಮ್ಮಿಂಗೆನ್ ಅಣು ಸ್ಥಾವರದ 160 ಮೀಟರ್ ಎತ್ತರದ ಎರಡು ಕೂಲಿಂಗ್ ಟವರ್‌ಗಳನ್ನು ಸಿಡಿಮದ್ದಿಟ್ಟು ಬೀಳಿಸಿದರು. ಲೈನ್‌ಗೆ ಆಗಲೂ ಕೇಬಲ್ ಹೂಳುತ್ತಲೇ ಇದ್ದರು.