ಸೌಂಡು ಜಾಸ್ತಿ, ಮಾತು ಕಮ್ಮಿ

2024ರ ಡಿಸೆಂಬರಿನಲ್ಲಿ ಅಪ್ಪ ಸಾಗರದಿಂದ ಮೆಲ್ಬರ್ನಿಗೆ ಬಂದಿದ್ದರು. ಬಾಕ್ಸಿಂಗ್ ಡೇ ಟೆಸ್ಟ್ ನೋಡಲು ಎಂಸಿಜಿಗೆ, ಅಂದರೆ ಇಲ್ಲಿನ ದೊಡ್ಡ ಕ್ರಿಕೆಟ್ ಮೈದಾನಕ್ಕೆ, ಕರೆದುಕೊಂಡು ಹೋಗಿದ್ದೆ. ಭಾರತ–ಆಸ್ಟ್ರೇಲಿಯಾ ಪಂದ್ಯ, ಐದು ದಿನಕ್ಕೆ 3,73,691 ಜನ. ಅಪ್ಪನಿಗೆ ಬಲಗಿವಿ ಸ್ವಲ್ಪ ಮಂದ. ನಾವು ಕೂತಿದ್ದು ಮೇಲಿನ ಅಂತಸ್ತಿನಲ್ಲಿ. ಊಟದ ಹೊತ್ತಿಗೆ ಏನೋ ಪ್ರಕಟಣೆ ಬಂತು. ಅಪ್ಪ ಅತ್ತಿತ್ತ ನೋಡಿ, "ಮೈಕು ಎಲ್ಲಿಟ್ಟಿದಾರೋ ಮಾರಾಯ? ಪಕ್ಕದಲ್ಲೇ ಕೂತು ಹೇಳಿದ ಹಾಗಿದೆಯಲ್ಲ" ಎಂದರು. ಆಟಕ್ಕಿಂತ ಅದೇ ಅವರಿಗೆ ದೊಡ್ಡ ಸೋಜಿಗ.

ನನಗೆ ನಮ್ಮ ಕಡೆಯ ಒಂದು ಕ್ರೀಡಾಂಗಣ ನೆನಪಾಯಿತು. ಹೆಸರು ಬೇಡ. ರಜೆಗೆ ಬಂದಾಗ ಅಲ್ಲೊಂದು ಪಂದ್ಯ ನೋಡಿದ್ದೆ. ಎಸೆತಕ್ಕೊಂದು ಹಾಡಿನ ತುಣುಕು, ಎದೆಗೂಡೇ ಅದುರುವಷ್ಟು ಸೌಂಡು. ಮುಂದಿನ ಸಾಲಿನ ಮಗು ಎರಡೂ ಕಿವಿ ಮುಚ್ಚಿಕೊಂಡು ಕೂತಿತ್ತು. ನಡುವೆ ಯಾರದ್ದೋ ಕಾರು ದಾರಿಗೆ ಅಡ್ಡ ನಿಂತಿದೆ ಎಂದು ಅನೌನ್ಸ್ ಮಾಡಿದರು. ಕಾರು ಅನ್ನುವುದೊಂದು ತಿಳಿಯಿತು, ನಂಬರು ತಿಳಿಯಲಿಲ್ಲ. ನನ್ನದೇ ಕಾರಾಗಿದ್ದರೂ ಸುಮ್ನೆ ಕೂತಿರುತ್ತಿದ್ದೆ.

ಸೌಂಡ್ ಸಿಸ್ಟಮ್ ಬದಲಾಯಿಸುತ್ತೇವೆ ಅಂದರೆ ನಮ್ಮಲ್ಲಿ ಮೊದಲು ಬರುವ ಪ್ರಶ್ನೆ "ಎಷ್ಟು ವ್ಯಾಟ್?", ಅಂದರೆ ಸ್ಪೀಕರಿನ ಪವರ್ ಎಷ್ಟು ಎಂದು. ತಕರಾರು ಇರುವುದು ಅಲ್ಲೇ.

ಗಾಳಿಯಲ್ಲಿ ಸದ್ದು ಒಂದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಕೇಳಲು ಭಾರಿ ವೇಗ, ಅಲ್ವಾ? ಆದರೆ ದೊಡ್ಡ ಮೈದಾನದ ಒಂದು ತುದಿಯಿಂದ ಇನ್ನೊಂದು ತುದಿಗೆ ನೂರೈವತ್ತು ಮೀಟರ್ ದಾಟಲು ಅದಕ್ಕೆ ಅರ್ಧ ಸೆಕೆಂಡಿನ ಹತ್ತಿರ ಬೇಕು. ಅಷ್ಟರಲ್ಲಿ ಹೇಳುವವನು ಮುಂದಿನ ಪದಕ್ಕೆ ಹೋಗಿರುತ್ತಾನೆ. ಹತ್ತಿರದ ಸ್ಪೀಕರಿನಿಂದ ಒಂದು ಪದ, ದೂರದ್ದರಿಂದ ಅದರ ಹಿಂದಿನ ಪದ, ಕಾಂಕ್ರೀಟ್ ಗೋಡೆಗೆ ಬಡಿದು ಬಂದದ್ದು ಮತ್ತೊಂದು. ಎಲ್ಲ ಸೇರಿ ಕಲಸುಮೇಲೋಗರ. ಈಗ ವಾಲ್ಯೂಮ್ ಏರಿಸಿದರೆ ಆ ಕಲಸುಮೇಲೋಗರವೇ ಇನ್ನೂ ಜೋರಾಗುತ್ತದೆ, ಅಷ್ಟೆ.

ಇದಕ್ಕೆ ದಾರಿ ಎಂದರೆ ಒಂದೆರಡು ಕಡೆ ರಾಕ್ಷಸ ಗಾತ್ರದ ಸ್ಪೀಕರ್ ಗುಡ್ಡೆ ಹಾಕುವ ಬದಲು ಚಾವಣಿಯ ಉದ್ದಕ್ಕೂ ಹಂಚಿಬಿಡುವುದು. ಪ್ರತಿ ಭಾಗದವರಿಗೂ ಹತ್ತಿರದ ಸ್ಪೀಕರೇ ಮಾತಾಡಬೇಕು. ಹಿಂದಿನ ಸಾಲುಗಳಿಗಿರುವ ಸ್ಪೀಕರನ್ನು ಬೇಕೆಂದೇ ಕೆಲವು ಮಿಲಿಸೆಕೆಂಡ್ ತಡವಾಗಿ ಮಾತಾಡಿಸುತ್ತಾರೆ, ಮುಂದಿನಿಂದ ಬರುವ ಸದ್ದಿನ ಜೊತೆ ಅದು ಹೊಂದಿಕೊಳ್ಳಲಿ ಎಂದು. ಮಾತು ಎಷ್ಟು ಸ್ಪಷ್ಟ ಎಂದು ಅಳೆಯಲು ಸೊನ್ನೆಯಿಂದ ಒಂದರವರೆಗಿನ ಎಸ್‌ಟಿಐ ಎಂಬ ಅಳತೆಯೇ ಇದೆ. ತುರ್ತು ಪ್ರಕಟಣೆಗೆ ಸಾಮಾನ್ಯವಾಗಿ 0.5 ಆದರೂ ಇರಲಿ ಎನ್ನುತ್ತಾರೆ. ಖಾಲಿ ಮೈದಾನದಲ್ಲಿ ಪರೀಕ್ಷೆ ಮಾಡಿ ಕೈ ತೊಳೆದುಕೊಳ್ಳುವಂತಿಲ್ಲ. ಜನ ತುಂಬಿದಾಗ ಅವರ ಮೈಯೇ ಸದ್ದನ್ನು ಹೀರುತ್ತದೆ, ಅವರ ಗಂಟಲು ಹೊಸ ಸದ್ದು ಹುಟ್ಟಿಸುತ್ತದೆ. ಲೆಕ್ಕ ಪೂರ್ತಿ ಬೇರೆ.

ಹಾಗಂತ ಆಸ್ಟ್ರೇಲಿಯಾದವರು ಹುಟ್ಟಾ ಜಾಣರೇನಲ್ಲ. 2006ರ ಏಪ್ರಿಲ್ 30ರಂದು ಟ್ಯಾಸ್ಮೇನಿಯಾದ ಲಾನ್ಸೆಸ್ಟನ್ನಿನಲ್ಲಿ ಫ್ರೀಮ್ಯಾಂಟಲ್–ಸೇಂಟ್ ಕಿಲ್ಡಾ ತಂಡಗಳ ಆಸ್ಟ್ರೇಲಿಯನ್ ಫುಟ್ಬಾಲ್ ಪಂದ್ಯ. ಫ್ರೀಮ್ಯಾಂಟಲ್ ಒಂದು ಅಂಕ ಮುಂದಿತ್ತು. ಆಟ ಮುಗಿದ ಸೈರನ್ ಕೂಗಿತು, ಅಂಪೈರುಗಳಿಗೆ ಮಾತ್ರ ಕೇಳಲಿಲ್ಲ! ಆಟ ಮುಂದುವರಿದು ಸೇಂಟ್ ಕಿಲ್ಡಾ ಒಂದು ಅಂಕ ಗಳಿಸಿ ಸಮ ಮಾಡಿತು. ಕೆಲವು ದಿನಗಳಲ್ಲೇ ಲೀಗಿನ ಆಡಳಿತ ಕೂತು ಫ್ರೀಮ್ಯಾಂಟಲಿಗೆ ಗೆಲುವು ಕೊಟ್ಟಿತು. ಇಲ್ಲಿ ಇವತ್ತಿಗೂ ಅದನ್ನು 'ಸೈರನ್‌ಗೇಟ್' ಎಂದು ಹೇಳಿಕೊಂಡು ನಗುತ್ತಾರೆ. ಇನ್ನು ಓವರುಗಳ ನಡುವೆ ಹಾಡು, ಜಾಹೀರಾತು ತುರುಕುವ ಚಾಳಿ ಇಲ್ಲಿಗೂ ಬಂದಿದೆ. ನನ್ನ ಆಫೀಸಿನ ಹಳೆಯ ಕ್ರಿಕೆಟ್ ಪ್ರಿಯರು ದಿನವೂ ಗೊಣಗುತ್ತಾರೆ.

ಆದರೆ ಒಂದು ವಿಷಯ ಇಲ್ಲಿ ಜನರಿಗೆ ರೂಢಿಯಾಗಿದೆ. ಆಫೀಸಿರಲಿ, ಮಾಲ್ ಇರಲಿ, ಮೊದಲು 'ಬೀಪ್ ಬೀಪ್' ಎಂದರೆ ಎಚ್ಚರವಾಗಿರಿ ಎಂದು. ಆಮೇಲೆ 'ವೂಪ್ ವೂಪ್' ಎಂದರೆ ಎದ್ದು ಹೊರಡಿ ಎಂದು, ಜೊತೆಗೆ ಮಾತಿನಲ್ಲೂ ಹೇಳುತ್ತಾರೆ. ಸ್ಪೀಕರ್ ಇರುವುದು ಮೊದಲು ಇದಕ್ಕೆ, ಹಾಡು ಆಮೇಲೆ.

ಮಾತು ಸ್ಪಷ್ಟವಾಗಿ ತಲುಪಿಸುವುದು ನಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ನಮ್ಮೂರ ಜಾತ್ರೆಗೆ ಬರುತ್ತಿದ್ದ ಮೈಕ್ ಸೆಟ್ಟಿನ ಅಣ್ಣ ಯಕ್ಷಗಾನಕ್ಕೆ ಮುಂಚೆ ಹುಡುಗನೊಬ್ಬನನ್ನು ಮೈಕಿನ ಮುಂದೆ ನಿಲ್ಲಿಸಿ ತಾನು ಚರುಮುರಿ ಗಾಡಿಗಳನ್ನೂ ದಾಟಿ ಗದ್ದೆಯ ಬದುವಿನವರೆಗೆ ನಡೆಯುತ್ತಿದ್ದ. ಭಾಗವತರ ಪದ ಅಲ್ಲಿ ಬಿಡಿಬಿಡಿಯಾಗಿ ಕೇಳಬೇಕು, ಅದು ಅವನ ಲೆಕ್ಕ. ಅಲ್ಲಿಂದಲೇ ಕೈಸನ್ನೆ. ಸೌಂಡು ಏರಿಸು ಎಂದದ್ದಕ್ಕಿಂತ ಹಾರ್ನ್ ತಿರುಗಿಸು ಎಂದದ್ದೇ ಜಾಸ್ತಿ.

ಅವನು ನನಗೆ ಜಾಸ್ತಿ ನೆನಪಾದದ್ದು 2025ರ ಜೂನ್ 4ರ ನಂತರ. ಆರ್‌ಸಿಬಿ ಮೊದಲ ಬಾರಿ ಐಪಿಎಲ್ ಗೆದ್ದ ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ನೂಕುನುಗ್ಗಲಾಗಿ 11 ಜನ ತೀರಿಕೊಂಡರು. ಇಲ್ಲಿ ಕೂತು ಫೋನಿನಲ್ಲಿ ನೋಡುತ್ತಿದ್ದೆ. ಸ್ಪೀಕರ್ ಚೆನ್ನಾಗಿದ್ದರೆ ಅವರು ಬದುಕುತ್ತಿದ್ದರು ಎಂದು ಹೇಳುವಷ್ಟು ಮೂರ್ಖ ನಾನಲ್ಲ. ಕಾರಣಗಳು ಹತ್ತಾರು. ಆದರೆ ಗುಂಪಿನಲ್ಲಿ ಹಿಂದೆ ಇರುವವನಿಗೆ ಮುಂದೇನಾಗುತ್ತಿದೆ ಎಂದು ಕಾಣುವುದಿಲ್ಲ. ಅವನು ತಳ್ಳುತ್ತಲೇ ಇರುತ್ತಾನೆ. ಅವನಿಗೆ ತಲುಪಬಹುದಾದದ್ದು ಒಂದು ದನಿ ಮಾತ್ರ. ಒಳಗಿನ ಸ್ಪೀಕರುಗಳೆಲ್ಲ ಪಿಚ್ ಕಡೆ ಮುಖ ಮಾಡಿದ್ದರೆ ಆ ದನಿ ಎಲ್ಲಿಂದ ಬರಬೇಕು?

ಈಗ ಬೊಮ್ಮಸಂದ್ರದ ಹತ್ತಿರ 80,000 ಆಸನಗಳ ಹೊಸ ಕ್ರೀಡಾಂಗಣದ ಮಾತು ಬಂದಿದೆ. ಟೆಂಡರಿನಲ್ಲಿ ವ್ಯಾಟ್ ಲೆಕ್ಕ ಆಮೇಲೆ ಬರೆಯಲಿ. ಮೊದಲು ಗೇಟಿನ ಹೊರಗಿನ ರಸ್ತೆಗೂ, ಮೆಟ್ರೋ ಕಡೆಯ ದಾರಿಗೂ ಸ್ಪೀಕರ್ ಬರೆಯಲಿ. ಕರೆಂಟು ಹೋದರೂ ಅದು ಮಾತಾಡಬೇಕು. "ಈ ಗೇಟ್ ಮುಚ್ಚಿದೆ, ಹಿಂದಕ್ಕೆ ಸರಿಯಿರಿ, ಎಡಗಡೆ ದಾರಿ ಇದೆ" ಎಂಬುದನ್ನು ಮೊದಲೇ ರೆಕಾರ್ಡ್ ಮಾಡಿಟ್ಟುಕೊಳ್ಳಲಿ. ಮೊದಲು ಕನ್ನಡದಲ್ಲಿ, ಆಮೇಲೆ ಬೇರೆ ಭಾಷೆಗಳಲ್ಲಿ. ಮಾಡಿ ಮುಗಿಸಿದ ಮೇಲೆ, ಜನ ತುಂಬಿದ ದಿನ, ಇಂಜಿನಿಯರೊಬ್ಬರು ಹೊರಗಿನ ಎಳನೀರು ಗಾಡಿಯ ಪಕ್ಕ ನಿಂತು ಒಮ್ಮೆ ಕೇಳಿ ನೋಡಲಿ.