ಮಿರ್ಚಿ ಬಂಡಿ ಮುಂದೆ ಕೇಳಿದ ಮಾತು

"ಈ ದೇಶಕ್ಕೆ ಒಂದೈದು ವರ್ಷ ಮಿಲಿಟರಿ ಆಡಳಿತ ಬರಬೇಕು ನೋಡ್ರಿ, ಎಲ್ಲಾ ಸರಿ ಹೋಗ್ತೈತಿ."

ಮೊನ್ನೆ ಸಂಜೆ ಬಳ್ಳಾರಿಯ ಕೌಲ್ ಬಜಾರಿನ ಬಂಡಿ ಮುಂದೆ ಮಿರ್ಚಿ ತಿನ್ನುತ್ತಾ ನಿಂತಾಗ ಕೇಳಿದ ಮಾತು. ಹೇಳಿದವನು ಕಾಲೇಜು ಓದುವ ಹುಡುಗ. ಅಲ್ಲಿದ್ದ ಹಿರಿಯರೊಬ್ಬರು "ಲಾಹೋರ್ ತನಕ ಹೋಗಿಬಿಡಬೇಕು" ಅಂತ ಸೇರಿಸಿದರು. ನನಗೆ ರಾತ್ರಿಯೆಲ್ಲ ಅದೇ ತಲೆಯಲ್ಲಿತ್ತು.

ಸೈನ್ಯದ ಮೇಲಿನ ಸಿಟ್ಟಿಗೆ ಬರೆಯುತ್ತಿದ್ದೇನೆ ಅಂತ ದಯವಿಟ್ಟು ತಿಳಿಯಬೇಡಿ. ನಮ್ಮ ಚಿಕ್ಕಪ್ಪ 17 ವರ್ಷ ಮಿಲಿಟರಿಯಲ್ಲಿದ್ದವರು. ಅವರ ಕಪ್ಪು ಟ್ರಂಕು ಇವತ್ತಿಗೂ ನಮ್ಮ ಪಡಸಾಲೆಯಲ್ಲಿದೆ, ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಬರೆದ ನಂಬರ್ ಸಮೇತ.

ನಮ್ಮ ಬಳ್ಳಾರಿ ಈಸ್ಟ್ ಇಂಡಿಯಾ ಕಂಪನಿ ಕೈಗೆ ಹೇಗೆ ಹೋಯಿತು ಗೊತ್ತಲ್ವಾ? ನಿಜಾಮರು ತಮ್ಮ ರಕ್ಷಣೆಗೆ ಅಂತ ಕಂಪನಿಯ ಪಡೆ ಇಟ್ಟುಕೊಂಡರು. ಅದರ ಖರ್ಚಿಗೆ 1800ರಲ್ಲಿ ಈ ಸೀಮೆಯನ್ನೇ ಬರೆದುಕೊಟ್ಟರು. ದತ್ತ ಮಂಡಲ ಅನ್ನೋ ಹೆಸರು ಬಂದಿದ್ದು ಹಾಗೆ. 1853ರಲ್ಲಿ ಕೃಷ್ಣಾ-ತುಂಗಭದ್ರಾ ನಡುವಿನ ರಾಯಚೂರು ದೋಆಬಿನದೂ ಅದೇ ಕಥೆ, ಪಡೆಯ ಬಾಕಿಗೆ ಕೊಟ್ಟಿದ್ದು. ಹೊಲ ಉಳುವವರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಅದು ರಾಜರ ಕಾಲ ಅನ್ನಬಹುದು. ಸರಿ, ಜಪಾನ್ ನೋಡಿ. 1925ರಲ್ಲಿ ಅಲ್ಲಿ 25 ದಾಟಿದ ಗಂಡಸರಿಗೆ ಓಟು ಸಿಕ್ಕಿತ್ತು. ಪಕ್ಷ, ಪತ್ರಿಕೆ, ಪಾರ್ಲಿಮೆಂಟು ಎಲ್ಲ ಇದ್ದವು. 1931ರಲ್ಲಿ ಚೀನಾದ ಮಂಚೂರಿಯಾದಲ್ಲಿದ್ದ ಅವರ ಸೇನಾಧಿಕಾರಿಗಳು ರೈಲು ಹಳಿ ಹತ್ತಿರ ತಾವೇ ಸ್ಫೋಟ ಮಾಡಿ, ಚೀನಾದವರ ತಲೆಗೆ ಕಟ್ಟಿದರು. ಟೋಕಿಯೋ ಸರ್ಕಾರವನ್ನು ಕೇಳದೆ ನುಗ್ಗಿದರು. ಜನ ಜೈಕಾರ ಹಾಕಿದರು, ಪತ್ರಿಕೆಗಳೂ ಕೂಡ. ಸರ್ಕಾರಕ್ಕೆ ತಡೆಯೋಕೆ ಆಗಲಿಲ್ಲ.

ಮುಂದಿನ ವರ್ಷ ಮೇ 15ಕ್ಕೆ ಯುವ ನೌಕಾ ಅಧಿಕಾರಿಗಳು ಪ್ರಧಾನಿ ಇನುಕಾಯಿ ತ್ಸುಯೋಶಿ ಅವರ ಮನೆಗೇ ಬಂದರು. 76ರ ಆ ಮುದುಕರು ಕೂತು ಮಾತಾಡೋಣ ಅಂದರು. ಬಂದವರು ಗುಂಡು ಹಾರಿಸಿ ಕೊಂದರು. ಕೇಸು ನಡೆದಾಗ, ಕೊಂದವರಿಗೆ ದಯೆ ತೋರಿಸಿ ಅಂತ ಲಕ್ಷಕ್ಕೂ ಜಾಸ್ತಿ ಜನ ಸಹಿ ಹಾಕಿದರು. ಯಾರಿಗೂ ಗಲ್ಲು ಆಗಲಿಲ್ಲ. 1940ರ ಹೊತ್ತಿಗೆ ಅಲ್ಲಿ ಒಂದು ಪಕ್ಷವೂ ಉಳಿದಿರಲಿಲ್ಲ.

ಬಂದೂಕಿಗಿಂತ ಜಾಸ್ತಿ ನನಗೆ ಹೆದರಿಕೆ ಆ ಸಹಿಗಳದ್ದು. ಅವರೂ ದೇಶದ ಮೇಲಿನ ಪ್ರೀತಿಯಿಂದಲೇ ಹಾಕಿದ್ದು. ಬಂಡಿ ಮುಂದಿನ ಹುಡುಗನೂ ಕೆಟ್ಟವನಲ್ಲ. ಲಂಚ, ಕೆಲಸ ಸಿಗದ ಬೇಸರ, ಅದರಿಂದ ಬಂದ ಮಾತು ಅದು. ಆದರೆ ಅವನು ಕೇಳಿದ್ದು ಪಾಕಿಸ್ತಾನದಲ್ಲಿ 1958ರಲ್ಲಿ ಬಂತು, 1977ರಲ್ಲಿ ಬಂತು, 1999ರಲ್ಲೂ ಬಂತು. ಅಲ್ಲಿನ ಬಡವರಿಗೆ ಏನು ಸಿಕ್ಕಿತು ಅಂತ ಅವನು ಒಮ್ಮೆ ಓದಬೇಕು.

ಮನೆಗೆ ಬಂದು ಚಿಕ್ಕಪ್ಪನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮಗೆ ಅಲ್ಲಿ ಎದುರು ಮಾತಾಡೋದು ಕಲಿಸಲ್ಲಪ್ಪ, ಕಲಿಸಲೂಬಾರದು. ಊರಾಗೆ ನಳದ ನೀರು ಬರಲಿಲ್ಲ ಅಂದ್ರೆ ಯಾರನ್ನ ಕೇಳ್ತೀಯಾ ಆಗ?" ಅಂದರು.

ಆ ವಾರ ನಮ್ಮ ಓಣಿಗೆ ನೀರು ಬಿಟ್ಟು 9 ದಿನ ಆಗಿತ್ತು. ಮರುದಿನ ಬೆಳಿಗ್ಗೆ ಹೆಂಗಸರೆಲ್ಲ ಖಾಲಿ ಕೊಡ ಹಿಡಿದು ವಾರ್ಡ್ ಮೆಂಬರ್ ಮನೆಗೆ ಹೋದರು. ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಬೈದು ಬಂದರು. ಸಂಜೆಗೆ ನೀರು ಬಂತು.